ಮಾವನವರ ಹೆಸರಲ್ಲಿ ಬಂದವರು

ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ನಾನೂ ನಮ್ಮ ಯಜಮಾನರೂ ಕೆಲಸ ಮಾಡುತ್ತೇವೆ. ಮೊದಲು ಅಲ್ಲಿ ನನ್ನ ಮಾವನವರೇ ಮುಖ್ಯಸ್ಥರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಕಂಪ್ಯೂಟರಿನಲ್ಲಿ ಅವರ ಖಾತೆ ಮಾತ್ರ ಹಾಗೇ ಇತ್ತು. ತೆಗೆಯೋಣವೆಂದರೆ ಯಜಮಾನರು ಮುಖ ಊದಿಸಿಕೊಳ್ಳುತ್ತಿದ್ದರು. ಅಪ್ಪನ ಹೆಸರಲ್ಲವೇ ಎಂದು ನಾನೂ ಬಿಟ್ಟುಬಿಟ್ಟೆ. ಎಂಥಾ ದಡ್ಡತನ!

ಮೊನ್ನೆ ಕಂಪ್ಯೂಟರ್ ಭದ್ರತೆ ನೋಡುವ ಎಂಜಿನಿಯರಮ್ಮ ಬಂದರು. ಪಕ್ಕದ ಊರಿನ ವಿದ್ಯುತ್ ಕೇಂದ್ರದ ಕಂಪ್ಯೂಟರಿನೊಳಗೆ ಹ್ಯಾಕರ್‌ಗಳು ಅಡಗಿದ್ದರಂತೆ, ಅದಕ್ಕೇ ನಮ್ಮಲ್ಲೂ ನೋಡಬೇಕಂತೆ.

"ನಮ್ಮಲ್ಲೇನಿದೆ ಮೇಡಂ ಕದಿಯೋಕೆ? ನೀರು ತಾನೆ? ಬಕೆಟ್ ತರ್ಲಿ, ತುಂಬಿಸಿ ಕಳಿಸ್ತೀನಿ," ಎಂದು ಯಜಮಾನರು ನಕ್ಕರು.

ಎಂಜಿನಿಯರಮ್ಮ ನಗಲಿಲ್ಲ. ಪರದೆಯನ್ನು ನಮ್ಮತ್ತ ತಿರುಗಿಸಿದರು. "ಇವರು ಯಾರು? ನಿನ್ನೆ ಕೂಡ ಲಾಗಿನ್ ಆಗಿದ್ದಾರಲ್ಲ?"

ಮಾವನವರ ಹೆಸರು!

ಯಜಮಾನರು ಪರದೆಗೆ ಬಗ್ಗಿ ಹೆಸರನ್ನು ಮತ್ತೆ ಓದಿದರು. "ಅಪ್ಪನ್ನ ನಾನೇ ಮಣ್ಣು ಮಾಡಿ ಬಂದಿದೀನಿ ಮೇಡಂ..."

"ಹಾಗಾದ್ರೆ ಪಕ್ಕದ ಊರಿಗೆ ನುಗ್ಗಿದ ತಂಡವೇ ಇದು," ಎಂದರು ಎಂಜಿನಿಯರಮ್ಮ. "ಬೇರೆ ದೇಶದ ಸರ್ಕಾರ ಸಂಬಳ ಕೊಟ್ಟು ಸಾಕಿರೋರು. ಲಾಗಿನ್ ಪಟ್ಟಿ ನೋಡಿದ್ರೆ ಒಳಗೆ ಬಂದು ವರ್ಷದ ಮೇಲಾಯ್ತು. ವೈರಸ್ ತಂದಿದ್ರೆ ಸಿಕ್ಕಿಬೀಳ್ತಿದ್ರು. ಇವರು ಕದ್ದ ಪಾಸ್‌ವರ್ಡ್ ಹಾಕಿ, ನಿಮ್ಮದೇ ಪ್ರೋಗ್ರಾಂ ಬಳಸಿ, ನಿಮ್ಮ ಡ್ಯೂಟಿ ಹೊತ್ತಲ್ಲೇ ಬಂದು ಹೋಗ್ತಾರೆ. ತೀರಿಕೊಂಡವರು ತಕರಾರು ಮಾಡಲ್ವಲ್ಲ!"

"ಆದ್ರೆ ಏನೂ ಹಾಳು ಮಾಡಿಲ್ವಲ್ಲ?" ಎಂದೆ.

"ಕಾಯ್ತಿದ್ದಾರೆ. ದೇಶದೇಶಕ್ಕೆ ಜಗಳ ಹತ್ತಿದ ದಿನ ಪಂಪ್ ನಿಲ್ಲಿಸ್ತಾರೆ. ಇಲ್ಲಾ ನೀರು ವಿಷ ಆಗೋ ಹಾಗೆ ಕ್ಲೋರಿನ್ ಜಾಸ್ತಿ ಬಿಡ್ತಾರೆ."

ಅಯ್ಯಯ್ಯೋ! ನನ್ನ ತಂಗಿ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಳು. ಅಲ್ಲಿಗೂ ಹೋಗುವುದು ಇದೇ ನೀರು.

"ಈಗ್ಲೇ ಆ ಖಾತೆ ಅಳಿಸಿಬಿಡ್ತೀನಿ," ಎಂದು ಯಜಮಾನರು ಮುಂದೆ ಬಂದರು.

"ತಡೀರಿ! ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದ್ರಲ್ಲಿ ಬರ್ತಾರೆ. ಎಲ್ಲಾನೂ ಹುಡುಕಿ ಒಟ್ಟಿಗೆ ಮುಚ್ಚೋಣ. ಅಲ್ಲೀವರೆಗೆ ಪಂಪು, ಕ್ಲೋರಿನ್ ಕೈಯಲ್ಲೇ ನಡೆಸಿ."

ಹಾಗೇ ವಾರವಿಡೀ ವಾಲ್ವ್ ತಿರುಗಿಸಿದೆವು. ಕೊನೆಗೆ ಒಂದೇ ದಿನ ಅವರ ಕಳ್ಳದಾರಿಗಳೆಲ್ಲ ಮುಚ್ಚಿದವು, ಎಲ್ಲರ ಪಾಸ್‌ವರ್ಡೂ ಬದಲಾಯಿತು. ಮಾವನವರ ಖಾತೆಯನ್ನು ಯಜಮಾನರೇ ಅಳಿಸಿದರು. ಅಳಿಸಿ, ಬಿಕ್ಕಿ ಬಿಕ್ಕಿ ಅತ್ತರು. "ಅಪ್ಪ ಜೀವಮಾನವೆಲ್ಲ ಊರಿಗೆ ಒಳ್ಳೇ ನೀರು ಕೊಟ್ರು ಕಣೇ. ಅವರ ಹೆಸರಲ್ಲೇ ವಿಷ ಹಾಕಿಸ್ತಿದ್ನಲ್ಲ ನಾನು!"

ಅಣ್ಣಂದಿರೇ, ಅಕ್ಕಂದಿರೇ, ನಾಳೆ ಕೆಲಸಕ್ಕೆ ಹೋದ ಕೂಡಲೇ ಕೇಳಿ: ಕೆಲಸ ಬಿಟ್ಟವರ, ತೀರಿಕೊಂಡವರ ಖಾತೆ ಇನ್ನೂ ತೆರೆದಿದೆಯೇ? ಇದ್ದರೆ ಮುಚ್ಚಿಸಿ. ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಬರುವ ಎರಡನೇ ಕೋಡ್ ಕಡ್ಡಾಯ ಮಾಡಿಸಿ. ಅನುಮಾನ ಬಂದರೆ ಮರ್ಯಾದೆಗೆ ಅಂಜಿ ಬಚ್ಚಿಡದೆ, ಭದ್ರತೆಯವರಿಗೆ ಹೇಳಿ. ತೀರಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕಂಪ್ಯೂಟರಿನಲ್ಲಿ ಬೇಡ.