ಕೆಂಪಮ್ಮನ ಸಿಂಧೂರ ಕಳಚಿದ ದಿನ

ಊರದೇವತೆ ಕೆಂಪಮ್ಮನ ಮೈಗೆ ವರ್ಷಕ್ಕೊಮ್ಮೆ ಎಣ್ಣೆ-ಸಿಂಧೂರ ಬಳಿಯುವುದೇ ಹೊರತು, ಹಳೆಯದನ್ನು ಕೆರೆದು ತೆಗೆಯುವ ಪದ್ಧತಿ ಬಾಗಳಿ ಆಚೆಯ ಆ ಊರಲ್ಲಿ ಇರಲಿಲ್ಲ. ಅಜ್ಜ ಬಳಿದದ್ದರ ಮೇಲೆ ಅಪ್ಪ, ಅಪ್ಪ ಬಳಿದದ್ದರ ಮೇಲೆ ಈಗಿನ ಪೂಜಾರಿ ದೊಡ್ಡಬೀರಪ್ಪ. ಒಳಗಿನ ಕಲ್ಲು ಹೇಗಿದೆಯೆಂದು ಕಂಡವರೇ ಇಲ್ಲ. ಈ ಸಲ ಹರಕೆಯ ದಿನ ಊರ ಹುಡುಗರು ಗರ್ಭಗುಡಿಯೊಳಗೆ ದೊಡ್ಡ ಹ್ಯಾಲೊಜೆನ್ ದೀಪ ಕಟ್ಟಿದರು. ಪೂಜಾರಿ ಬೇಡವೆಂದರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಕಾವಿಗೆ ಸಿಂಧೂರ ಬೆವರಿತು, ಬಿರಿಯಿತು, ಉಡಿಸಿದ ಸೀರೆ ಸಮೇತ ದೊಪ್ಪನೆ ಕುಸಿದು ಬಿತ್ತು.

ದೊಡ್ಡಬೀರಪ್ಪನ ಕೈಯಿಂದ ಆರತಿ ತಟ್ಟೆ ಜಾರಿತು. ಎದುರಿಗೆ ಅಮ್ಮನಿಲ್ಲ. ಬತ್ತಲೆ ಗಂಡಸೊಬ್ಬ ಪದ್ಮಾಸನ ಹಾಕಿ, ಕೈಮೇಲೆ ಕೈಯಿಟ್ಟು, ಕಣ್ಣು ಅರೆಮುಚ್ಚಿ ಕೂತಿದ್ದ.

“ಜೈನರ ದೇವ್ರಲೇ ಇದು!” ಹಿಂದೆ ನಿಂತಿದ್ದ ಹುಲುಗೇಶ ಕೂಗಿದ. ಅವನು ಕೊಟ್ಟೂರಿನಲ್ಲಿ ಹಮಾಲಿ. “ನಮ್ಮ ಸಾವ್ಕಾರ್ರ ಅಂಗಡ್ಯಾಗ ಇಂಥದ್ದೇ ಫೋಟೊ ಐತಿ. ಇರುವಿ ಸುದ್ದಾ ತುಳಿಯಂಗಿಲ್ಲಪ ಅವ್ರು.”

ಗುಡಿಯ ಹಿಂದಿನ ಹೊಲಕ್ಕೆ ಬಸ್ತಿ ಹೊಲ, ಅಂದರೆ ಬಸದಿಯ ಹೊಲ, ಎಂದು ಏಕೆ ಹೆಸರು ಬಂತೆಂದು ಯಾರೂ ಕೇಳಿರಲಿಲ್ಲ. ಪಕ್ಕದ ಇಕ್ಕಟ್ಟು ಕೋಣೆಗಳಲ್ಲಿ ಕಲ್ಲಿನ ಹಾಸಿಗೆಗಳೇಕೆ ಎಂದೂ ಕೇಳಿರಲಿಲ್ಲ. ಜೈನ ಮುನಿಗಳು ಮಲಗಿದ ಆ ಕೋಣೆಗಳಲ್ಲೇ ಹರಕೆಯ ಟಗರು ಕಟ್ಟುತ್ತಿದ್ದರು. ದೊಡ್ಡಬೀರಪ್ಪನ ಕಣ್ಣು ನೆಲದ ಕಾಲುವೆಯ ಮೇಲೆ ಬಿತ್ತು. ರಕ್ತ ಹರಿದುಹೋಗಲೆಂದು ತಾನೇ ಉಳಿ ಹಿಡಿದು ಕೆತ್ತಿದ್ದು. ಅದು ಶುರುವಾಗುವುದು ಈ ಮುನಿಯ ಪೀಠದ ಬುಡದಿಂದಲೇ.

ಬಾಗಿಲಲ್ಲಿ ಮೈಲಮ್ಮ ಟಗರಿನ ಹಗ್ಗ ಹಿಡಿದು ನಿಂತಿದ್ದಳು. ಮೊಮ್ಮಗ ಜ್ವರದಲ್ಲಿ ಸೆಟೆದುಕೊಂಡಾಗ ಹೊತ್ತ ಹರಕೆ. ಬದುಕಿದ ಕೂಸು ಈಗ ಪಕ್ಕದಲ್ಲೇ ನಿಂತ ಸೊಸೆಯ ಬಗಲಲ್ಲಿತ್ತು.

“ಕಡಿಯೋ ಬೀರಪ್ಪ.”

“ಕಣ್ಣು ಕಳ್ಕಂಡೀಯೇನು? ಯಾರ ಮುಂದ ಕಡೀಲಿ?”

“ಯಾರಾರ ಆಗ್ಲಿ. ನಾ ಅತ್ತಿದ್ದೂ ಇಲ್ಲೇ, ಕೂಸು ಉಳಿದದ್ದೂ ಇಲ್ಲಿಂದಾನ. ಹರಕಿ ತಪ್ಪಿ ಇದಕ್ಕೇನಾರ ಆತಂದ್ರ? ನೀ ತಂದು ಕೊಡ್ತೀಯೇನು?”

ದೊಡ್ಡಬೀರಪ್ಪ ಮಚ್ಚು ಎತ್ತಿಕೊಂಡ. ಆ ಅರೆಮುಚ್ಚಿದ ಕಣ್ಣುಗಳನ್ನು ನೋಡಿದ. ಕೈ ಮೇಲೇಳಲಿಲ್ಲ.

“ಟಗರು ಮನೀಗೆ ಹೊಡ್ಕಂಡು ಹೋಗಬೇ. ಹರಕಿ ತಪ್ಪಿದ್ದು ನನ್ನ ತಲಿ ಮ್ಯಾಲೆ ಬರ್ಲಿ.”

“ನನಗ್ಯಾಕ ಹೇಳ್ತಿ? ಅವನ ಮುಂದ ಹೇಳು.”

ದೊಡ್ಡಬೀರಪ್ಪ ಮಚ್ಚು ಕೆಳಗಿಟ್ಟು, ಕೈಯನ್ನು ಕೂಸಿನ ತಲೆಯ ಮೇಲಿಟ್ಟು ಮೂರ್ತಿಯ ಕಡೆ ತಿರುಗಿದ. ಈ ದೇವರನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು “ಯವ್ವಾ” ಎಂದೇ.