ದಡ ಬಿಟ್ಟ ಮಂಜುಗಡ್ಡೆ

ಗಾಳದ ಬೆಂಡು ಅಲ್ಲಾಡಿತು, ಇಲ್ಲ, ಗಾಳಿ, ಗಾಳಿಯೇ ಇರಬೇಕು, ಆದರೆ ಸರೋವರದ ಮಂಜುಗಡ್ಡೆಯ ಅಂಚಿಗೂ ದಡಕ್ಕೂ ನಡುವಿನ ಈ ನಾಲ್ಕು ಅಡಿ ಕಪ್ಪು ನೀರಿನಲ್ಲಿ ಗಾಳಿಗೆ ಅಲೆ ಎಬ್ಬಿಸಲು ಜಾಗವಾದರೂ ಎಲ್ಲಿದೆ, ಮತ್ತೆ ಅಲ್ಲಾಡಿತು, ಮುಳುಗಿತು — ಎಲ್ನಾ ಮಣಿಕಟ್ಟು ಮಾತ್ರ ಎತ್ತಿದಳು, ತೋಳು ಎತ್ತಿದರೆ ಮೀನು ತುಟಿ ಹರಿದುಕೊಂಡು ಹೋಗುತ್ತದೆ, ಅಂಗೈಯಗಲದ ಸನ್‌ಫಿಶ್, ಹೊಟ್ಟೆಯ ಕಿತ್ತಳೆ ಬಣ್ಣ ಇನ್ನೂ ಏರಿಲ್ಲ, ಚಳಿಗಾಲದ ಮಂಕು ಬಿಟ್ಟಿಲ್ಲ, ಬಕೆಟ್ಟಿಗೆ ಬಿದ್ದು ಒಂದು ಸಲ ಬಾಲ ಬಡಿದು ಸುಮ್ಮನಾಯಿತು. ಏಳಾಯಿತು, ಇನ್ನು ಮೂರು ಸಿಕ್ಕಿದರೆ ಇಬ್ಬರ ಊಟಕ್ಕೆ ಸಾಕು, ಮನೆಯಲ್ಲಿ ಗಂಡ ಡೆಲ್ಮರ್ ಕೇಳುತ್ತಾನೆ ಎಲ್ಲಿ ಸಿಕ್ಕಿತು ಅಂತ, ತೆರೆದ ನೀರಲ್ಲಿ ಎನ್ನಬೇಕು, ಅದು ಸುಳ್ಳೂ ಅಲ್ಲ, ನಾಲ್ಕು ಅಡಿಯಾದರೂ ತೆರೆದ ನೀರು ತೆರೆದ ನೀರೇ — ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟು ದೂರ ಬಂದುಬಿಟ್ಟಳಲ್ಲ, ಮಂಗಳವಾರ ಬೆಳಗ್ಗೆ ಅವನ ಶೂ ಲಾಡಿ ಕಟ್ಟುತ್ತ ಕಟ್ಟುತ್ತಲೇ ಬಾಯಿಂದ ಬಂದುಬಿಟ್ಟಿತ್ತು, ಗಡ್ಡೆ ಹೋಯ್ತು ಡೆಲ್ಮರ್, ರಾತ್ರಿ ಗಾಳಿಗೆ ಪೂರ್ತಿ ಒಡೆದು ಹೋಯ್ತು. ಅವನು ಅವಳ ನೆತ್ತಿಯನ್ನೇ ನೋಡುತ್ತಿದ್ದಿರಬೇಕು, ಹೋಯ್ತಾ, ಎಂದ, ಅಷ್ಟೇ. ನವೆಂಬರಿನಲ್ಲಿ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು, ಬಾಯಿಯ ಎಡ ತುದಿ ಎಲ್ಲ ಜೋತುಬಿದ್ದಾಗಿನಿಂದ ಅವನದು ಒಂದೇ ಪಲ್ಲವಿ, ಕೊನೇ ಗಡ್ಡೆ ಮೇಲೆ ಒಂದ್ಸಲ ನಿಂತು ಬರ್ತೀನಿ, ಆಮೇಲೆ ನೀನು ಹೇಳಿದ ಕುರ್ಚೀಲಿ ಕೂತಿರ್ತೀನಿ, ತಕರಾರು ಮಾಡಲ್ಲ. ಮನೆಯಿಂದ ಸರೋವರ ಕಾಣುವುದಿಲ್ಲ, ಮಧ್ಯೆ ಸ್ಪ್ರೂಸ್ ಮರಗಳ ಗೋಡೆ, ಇಳಿಜಾರನ್ನು ಅವನು ಐದು ತಿಂಗಳಿಂದ ಇಳಿದಿಲ್ಲ, ಇನ್ನು ನಾಲ್ಕು ದಿನ, ಹೆಚ್ಚೆಂದರೆ ಐದು, ಗಡ್ಡೆ ತಾನಾಗಿಯೇ ಕರಗಿ ಅವಳ ಸುಳ್ಳನ್ನು ನಿಜ ಮಾಡಿಬಿಡುತ್ತದೆ.

ಗಡ್ಡೆಯ ಮೇಲೆ ಚರಕ್ ಚರಕ್ ಎಂದು ಬೂಟಿನ ಸದ್ದು, ಪಕ್ಕದ ಮನೆಯ ರೋಲ್ಫ್, ಬೆಳಕು ಹರಿಯುವ ಮೊದಲೇ ಹೋದವನು ಈಗ ಒಂಬತ್ತಕ್ಕೆ ವಾಪಸಾಗುತ್ತಿದ್ದಾನೆ, ಹಿಂದೆ ಜಾರುಬಂಡಿ, ಗಡ್ಡೆಯಿಂದ ದಡಕ್ಕೆ ಹಾಕಿಟ್ಟ ತನ್ನ ಹಲಗೆಯ ಮೇಲೆ ಕುಣಿಯುತ್ತ ದಾಟಿ ಬಂದ. ಏನ್ ಎಲ್ನಾ, ಸಣ್ಣ ಮಕ್ಕಳ ಹಾಗೆ ದಡದಲ್ಲೇ ಕೂತ್ಬಿಟ್ರಾ, ಎಂದ, ಬಕೆಟ್ಟಿನೊಳಗೆ ಇಣುಕಿ, ಇವನ್ನ ಮೀನು ಅಂತೀರೋ ಬಿಸ್ಕತ್ತು ಅಂತೀರೋ. ನಿನ್ನ ಬಂಡಿ ಖಾಲಿ ಇದೆಯಲ್ಲಪ್ಪ, ಗಾಳಿ ಹಿಡ್ಕೊಂಡು ಬಂದೆಯಾ, ಎಂದಳು ಅವಳು. ಅವನು ನಕ್ಕ, ಆಮೇಲೆ ನಗು ಇಳಿಸಿ ಡೆಲ್ಮರ್ ಹೇಗಿದಾನೆ ಎಂದ, ಕಳಿಸಿ ಅವನನ್ನ, ನಾನು ಕರ್ಕೊಂಡು ಹೋಗ್ತೀನಿ, ಬೆಳಗ್ಗೆ ಹೊತ್ತು ಇನ್ನೂ ಎರಡು ದಿನ ಗಟ್ಟಿ ಇರುತ್ತೆ, ಹತ್ತು ಗಂಟೆ ಮೇಲೆ ಮಾತ್ರ ನಂಬಬಾರದು. ಅವನಿಗೆ ಗಡ್ಡೆ ಹೋಯ್ತು ಅಂತ ಹೇಳಿದೀನಿ ರೋಲ್ಫ್, ನೀನು ಬಾಯಿ ಬಿಡಬೇಡ — ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ರೋಲ್ಫ್ ಹಿಂತಿರುಗಿ ಆ ಬಿಳಿ ಬಯಲನ್ನು ಈ ತುದಿಯಿಂದ ಆ ತುದಿಗೆ ನೋಡಿದ, ಇಷ್ಟು ದೊಡ್ಡದನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದೀರಾ, ಭಾರ ಆಗಲ್ವಾ, ಎಂದ. ಹಲಗೆ ಇರಲಿ, ನಾಳೆ ಮತ್ತೆ ಬರ್ತೀನಿ, ಎಂದು ಹೋಗಿಬಿಟ್ಟ.

ಭಾರ, ಆಗದೆ ಏನು, ಆದರೆ ಮಾತು ಆಡದೆ ಹೊತ್ತುಕೊಂಡದ್ದು ಅದಕ್ಕಿಂತ ಭಾರ, ಮೂವತ್ತೆಂಟು ವರ್ಷ ಅವನು ಮುಂದೆ, ಅವಳು ಹಿಂದೆ, ಅವನ ಕೈಯಲ್ಲಿ ಹಾರೆ, ಅವಳ ಕೈಯಲ್ಲಿ ಬಕೆಟ್ಟು, ಗಡ್ಡೆ ಗಟ್ಟಿಯೇ ಎಂದು ಹೆಜ್ಜೆಗೆ ಮೂರು ಪೆಟ್ಟು ಹಾಕಿ ಕಿವಿ ಕೊಟ್ಟು ಹೂಂ ಎಂದ ಮೇಲೆ ಅವಳು ಕಾಲಿಡಬೇಕು, ಮದುವೆಯಾದ ಎರಡನೇ ಏಪ್ರಿಲ್, ಹಳ್ಳ ಬಂದು ಸೇರುವ ಆ ಮೂಲೆಯಲ್ಲಿ ಅವಳಿಗೇ ಕಂಡಿತ್ತು, ಗಡ್ಡೆಯ ಬಣ್ಣ ಒದ್ದೆ ಬೂದಿಯ ಹಾಗೆ, ಇಲ್ಲಿ ಬೇಡ, ಕೊಳೆತಿದೆ, ಎಂದಿದ್ದಳು, ನಿಮ್ಮಪ್ಪನ ಊರಲ್ಲಿ ಬೆಳೆಯೋದು ಆಲೂಗಡ್ಡೆ ಕಣೇ, ಈ ಗಡ್ಡೆ ನಂಗೆ ಬಿಡು ಎಂದು ನಕ್ಕು ಎರಡು ಹೆಜ್ಜೆ ಇಟ್ಟವನು ಸೊಂಟದವರೆಗೆ ಒಳಗೆ, ಅವಳು ಬೋರಲು ಮಲಗಿ ಹಾರೆಯ ತುದಿ ಚಾಚಿದ್ದಳು, ಎಳೆದಿದ್ದಳು, ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಚರ್ಚಿನ ಊಟದ ಮೇಜಿನಲ್ಲಿ ಅವನು ಆ ಕಥೆ ಎಷ್ಟು ಸಲ ಹೇಳಿದನೋ, ಗಡ್ಡೆ ಬರುತ್ತಿತ್ತು, ಹಳ್ಳ ಬರುತ್ತಿತ್ತು, ಒದ್ದೆ ಪ್ಯಾಂಟು ಬರುತ್ತಿತ್ತು, ಬೇಡ ಎಂದ ಹೆಂಗಸು ಮಾತ್ರ ಬರುತ್ತಿರಲಿಲ್ಲ, ಅವಳು ಬಟಾಣಿಯ ಬಟ್ಟಲು ಮುಂದಕ್ಕೆ ಸರಿಸುತ್ತ ಎಲ್ಲರ ಜೊತೆ ನಗುತ್ತಿದ್ದಳು. ಅಲ್ಲಿಂದಾಚೆ ಪ್ರತಿ ಏಪ್ರಿಲ್ ಅವಳು ಮನಸ್ಸಿನಲ್ಲೇ ಓದಿದಳು, ಇಲ್ಲಿ ಗಟ್ಟಿ, ಇಲ್ಲಿ ಸೂಜಿಸೂಜಿಯಾಗಿದೆ, ಇಲ್ಲಿ ಒರತೆ, ಅವನ ಹಾರೆ ಮೂರನೇ ಪೆಟ್ಟಿಗೆ ಹೇಳುವುದನ್ನು ಅವಳ ಕಣ್ಣು ಮೊದಲೇ ಹೇಳಿರುತ್ತಿತ್ತು, ಬಾಯಿ ಹೇಳುತ್ತಿರಲಿಲ್ಲ, ಅಷ್ಟು ವರ್ಷದ ಮೇಲೆ ಗಡ್ಡೆಯ ವಿಷಯ ಬಾಯಿ ಬಿಟ್ಟದ್ದು ಮಂಗಳವಾರ, ಅದೂ ಸುಳ್ಳು — ನಿಜ ಹೇಳಿದಾಗ ನಕ್ಕವನು ಸುಳ್ಳು ಹೇಳಿದಾಗ ನಂಬಿದ, ಹೋಯ್ತಾ ಎಂದನಲ್ಲ, ಆ ಧ್ವನಿ, ನಾಯಿ ಸತ್ತ ದಿನವೂ ಅವನು ಹಾಗೆ ಕೇಳಿರಲಿಲ್ಲ.

ಇಳಿಜಾರಿನಲ್ಲಿ ಕಲ್ಲು ಉರುಳಿತು, ಜಿಂಕೆಯಲ್ಲ, ಜಿಂಕೆ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ, ಒಂದು ಕುಟ್ಟು, ಒಂದು ಹೆಜ್ಜೆ, ಒಂದು ಎಳೆತ, ತಿರುಗಿ ನೋಡಬಾರದು, ನೋಡಿದಳು, ಡೆಲ್ಮರ್, ಕೋಟಿನ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿವೆ, ಊರುಗೋಲಿನ ಬದಲು ಹಾರೆಯನ್ನೇ ಊರಿಕೊಂಡು ಬಂದಿದ್ದಾನೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಮೊಳೆ ಹಿಡಿಗಳು, ನೀರಿಗೆ ಬಿದ್ದರೆ ಗಡ್ಡೆಯ ಅಂಚಿಗೆ ಚುಚ್ಚಿ ಹತ್ತಿಬರುವುದಕ್ಕೆ, ಎರಡು ಕೈಗೆ ಎರಡು, ಅವನಿಗಿರುವುದು ಈಗ ಒಂದೇ ಕೈ. ಅವನು ಉಸಿರು ಹಿಡಿದು ಬಿಳಿ ಬಯಲನ್ನು ನೋಡಿದ, ಅವಳನ್ನಲ್ಲ. ಗಡ್ಡೆ ಹೋಯ್ತು ಅಂದೆ, ಎಂದ. ಅಂದೆ, ಎಂದಳು. ಮಂಗಳವಾರ. ಹೂಂ. ಇವತ್ತು ಗುರುವಾರ ಕಣೇ, ಎರಡು ದಿನದಿಂದ ಕಿಟಕಿ ತೆಗೆದು ಕೂತಿದೀನಿ, ಒಂದೇ ಒಂದು ಲೂನ್ ಹಕ್ಕಿ ಕೂಗಲಿಲ್ಲ, ನೀರು ತೆರೆದ ಸಂಜೆ ಲೂನ್ ಇಳೀದೆ ಇದ್ದದ್ದು ಯಾವ ವರ್ಷ ಹೇಳು, ಸುಳ್ಳು ಹೇಳೋಳು ಒಂದು ಹಕ್ಕೀನೂ ತಂದು ಬಿಡಬೇಕಿತ್ತು. ಅಯ್ಯೋ, ಲೂನ್, ಇಡೀ ಸರೋವರವನ್ನು ಮುಚ್ಚಿಟ್ಟವಳು ಒಂದು ಹಕ್ಕಿಯ ಕೂಗನ್ನು ಮರೆತಳು, ಈ ದಡದಲ್ಲಿ ಹುಟ್ಟಿದ ಯಾವ ಕೂಸಿಗೂ ಗೊತ್ತಿರುವುದನ್ನು, ಬೈಯಲಿ, ಬೈದರೆ ಸುಲಭ, ಆದರೆ ಅವನು ಬೈಯಲಿಲ್ಲ, ಹಲಗೆಯ ಹತ್ತಿರ ಬಂದು ಮರದ ಗೂಟಕ್ಕೆ ಸೊಂಟ ಒರಗಿಸಿ ನಿಂತು ಹಾರೆಯನ್ನು ಅವಳ ಕಡೆ ಚಾಚಿದ. ನನ್ನ ಕೈಲಿ ಎತ್ತಿ ಹೊಡೆಯೋಕಾಗಲ್ಲ, ನೀನು ನೋಡು, ತಡೆಯುತ್ತೆ ಅಂದ್ರೆ ಬರ್ತೀನಿ, ತಡೆಯಲ್ಲ ಅಂದ್ರೆ ಮನೆಗೆ ಹೋಗಿ ಆ ಬಿಸ್ಕತ್ತುಗಳ ಹುರುಪೆ ಕೆರೀತೀನಿ. ರೋಲ್ಫ್ ಸಿಕ್ಕಿದ್ನಾ ದಾರೀಲಿ, ಎಂದಳು. ಸಿಕ್ಕಿದ, ಲೂನ್ ವಿಷಯ ಅವನೂ ಮರೆತಿದ್ದ, ಎಂದ, ಬಾಯಿಯ ಬಲತುದಿ ಮಾತ್ರ ನಕ್ಕಿತು.

ಹಾರೆ ಅವಳೆಣಿಸಿದ್ದಕ್ಕಿಂತ ಭಾರ, ಹಿಡಿಯಲ್ಲಿ ಅವನ ಬಿಸಿ, ಹಲಗೆ ದಾಟಿ ಅಂಚು ಬಿಟ್ಟು ಒಂದು ಮಾರು ಒಳಗೆ ನಿಂತು ಹೊಡೆದಳು, ಒಂದು, ಎರಡು, ಮೂರಕ್ಕೂ ತೂರಲಿಲ್ಲ, ಏಳನೇ ಪೆಟ್ಟಿಗೆ ತೂರಿತು, ತೂತಿನಲ್ಲಿ ನೀರು ಏರಿತು, ಏರಿ ಬಾಯಿಗೆ ಎರಡು ಬೆರಳು ಇದೆ ಎನ್ನುವಾಗ ನಿಂತಿತು, ಗೇಣು ದಪ್ಪ, ಮೇಲೆ ಬಿಳಿ, ಕೆಳಗೆ ಕಪ್ಪು, ಗಟ್ಟಿ. ತಡೆಯುತ್ತದೆ. ಮುಂದೆ ಹೋದಳು, ಹೊಡೆದಳು, ತಡೆಯುತ್ತದೆ, ಇಪ್ಪತ್ತು ಹೆಜ್ಜೆಗೆ ಒಂದು ಸೀಳು, ಅದರಾಚೆ ಬಣ್ಣ ಒದ್ದೆ ಬೂದಿ. ಹಿಂತಿರುಗಿ ಬಂದು ಮೊದಲನೇ ತೂತಿನ ಹತ್ತಿರ ನಿಂತಳು, ಇಲ್ಲ ಎಂದರೆ ಸಾಕು, ಒಂದು ಶಬ್ದ, ಅವನು ದಡದಲ್ಲಿದ್ದಾನೆ, ಅವನಿಗೆ ಕಾಣುವುದು ತೂತಿನ ನೀರು ಮಾತ್ರ, ನೀರು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ, ಈ ಸಲ ಲೂನ್ ಕೂಡ ಬರುವುದಿಲ್ಲ ಹಿಡಿದುಕೊಡಲು, ನಂಬುತ್ತಾನೆ, ಮನೆಗೆ ಹೋಗುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ತಕರಾರಿಲ್ಲ, ಇಲ್ಲಿ ನೀರು ಸೊಂಟದ ಮಟ್ಟ, ಸೊಂಟದ ಮಟ್ಟದ ತಣ್ಣೀರು ಒಂದು ಕೈಯವನಿಗೆ ಸಾಕು, ಡಾಕ್ಟರು ಏನೆಂದಿದ್ದರು, ಮಗಳು ಫೋನಿನಲ್ಲಿ ಏನೆನ್ನುತ್ತಾಳೆ, ಅಮ್ಮಾ ನಿಂಗೇನಾಗಿತ್ತು — ಏನಾಗಿತ್ತೆಂದರೆ ಮೂವತ್ತಾರು ವರ್ಷದ ಮೇಲೆ ಒಬ್ಬ ಮನುಷ್ಯ ಕೇಳಿದ, ಕೇಳಿ ಕಾಯುತ್ತಿದ್ದಾನೆ, ಮೊದಲ ಸಲ ಕೇಳಿದವನಿಗೆ ಗೊತ್ತಿರುವುದನ್ನು ಹೇಳದೆ ಬೇರೇನೋ ಹೇಳಿ, ಅವನು ತಲೆಯಾಡಿಸುವುದನ್ನು ನೋಡಿ, ಆಮೇಲೆ ಈ ಮೀನು ಹುರಿದು ಅವನ ತಟ್ಟೆಗೆ ಹಾಕಬೇಕೇ. ಏನೇ, ಎಂದ ದಡದಿಂದ. ತೂತಿನಲ್ಲಿ ನೀರು ಅಲುಗಲಿಲ್ಲ. ತಡೆಯುತ್ತೆ, ಎಂದಳು, ಆ ಸೀಳಿನ ತನಕ, ಆಚೆ ಇಲ್ಲ. ಆಚೆ ಇಲ್ಲ, ಎಂದ ಅವನೂ, ಪಾಠ ಒಪ್ಪಿಸುವವನ ಹಾಗೆ, ನಗಲಿಲ್ಲ. ಹಲಗೆ ಬಾಗಿತು, ಅವಳು ಅವನ ಎಡ ತೋಳಿನ ಕೆಳಗೆ ಹೆಗಲು ಕೊಟ್ಟಳು, ಕೋಟಿನಲ್ಲಿ ಮುಲಾಮಿನ ವಾಸನೆ, ಬಲಗಾಲು ಗಡ್ಡೆಗೆ ಇಳಿಯಿತು, ಅವನ ಮುಖ ನೋಡಬೇಕು, ಇದಕ್ಕಾಗಿಯೇ ಅಲ್ಲವೇ ಐದು ತಿಂಗಳು, ಮುಖ ನೋಡು ಎಲ್ನಾ, ಆದರೆ ಕಣ್ಣು ತೂತಿನ ಮೇಲೆ, ಅವನ ಭಾರಕ್ಕೆ ಗಡ್ಡೆ ತಗ್ಗಿ ನೀರು ಏರುತ್ತಿದೆ, ಒಂದು ಬೆರಳು, ಏರಿ ನಿಂತಿತು, ಅವನ ಎಡಗಾಲು ಇನ್ನೂ ಹಲಗೆಯ ಮೇಲೆಯೇ, ಎಳೆಯುತ್ತಿದ್ದಾನೆ, ಬರುತ್ತಿದೆ, ಬಂತು, ತೂತಿನ ಬಾಯಿಯವರೆಗೆ ನೀರು, ಕಪ್ಪು, ತುಂಬಿ, ಚೆಲ್ಲದೆ, ಏರುತ್ತ, ನೀರು