ಗಲ್ಲಕ್ಕೆ ಕೊಟ್ಟ ಕೈ

"ಗಲ್ಲಕ್ಕೆ ಕೈ ಕೊಟ್ಕೊಂಡು ಕೂತ್ಕೋಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ಊಟದ ಮೇಜಿನ ಆ ತುದಿಯಿಂದ ಅಮ್ಮ ಗದರಿದಳು. "ಆಕಾಶ ಕಳಚಿ ತಲೆ ಮೇಲೆ ಬಿದ್ದೋರ ಥರ."

ತಂಗಿ ಕೈ ತೆಗೆದಳು. ಅರ್ಧ ಅಗಿದ ತುತ್ತನ್ನು ನೀರಿನ ಜೊತೆ ನುಂಗಲು ಹೋದಳು. ನೀರು ಮೂಗಿನಿಂದ ಹೊರಗೆ ಬಂತು.

"ಶುರುವಾಯ್ತು ನಾಟಕ," ಎಂದು ಅಮ್ಮ ಒರೆಸುವ ಬಟ್ಟೆ ತರಲು ಎದ್ದಳು. ಅಕ್ಕನ ಚಮಚ ಮಾತ್ರ ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ನಾಟಕ ಮಾಡುವವರು ಕಣ್ಣಲ್ಲಿ ನೀರು ತರಿಸಬಹುದು, ಮೂಗಲ್ಲಿ ತರಿಸುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಹಾಗೆ ನೋಡಿದರೆ ಆ ಮನೆಯಲ್ಲಿ ನಾಟಕ ಎಂಬ ಮಾತಿಗೆ ಮುದ್ರೆ ಒತ್ತಿದವಳು ಅಕ್ಕನೇ. ಅವಳು ಆಸ್ಪತ್ರೆಯಲ್ಲಿ ನರಗಳ ಪರೀಕ್ಷೆ ಮಾಡುವವಳು. ರೋಗಿಯ ಮಣಿಕಟ್ಟಿಗೆ ಚೂರೇ ಚೂರು ಕರೆಂಟು ಕೊಟ್ಟು, ಅದು ನರದಗುಂಟ ಓಡಿ ಹೆಬ್ಬೆರಳನ್ನು ಕುಣಿಸುವುದನ್ನು ಪರದೆಯ ಮೇಲೆ ಅಳೆಯುವುದು ಅವಳ ಕೆಲಸ. ತಂಗಿ ಕೂದಲು ಕತ್ತರಿಸುವವಳು. ಬೆಳಿಗ್ಗೆಯೆಲ್ಲ ಗಿರಾಕಿಗಳ ಜೊತೆ ಅರಳು ಹುರಿದಂತೆ ಮಾತಾಡುತ್ತ ಕತ್ತರಿ ಆಡಿಸುವವಳು, ಸಂಜೆಯಾದರೆ ತೋಳು ಎತ್ತಲಾರೆ, ರೆಪ್ಪೆ ತೆರೆಯಲಾರೆ ಎನ್ನತೊಡಗಿದ್ದಳು. "ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ಬರುತ್ತೆ ಈ ಕಾಯಿಲೆ," ಎಂದು ಅಮ್ಮ ನಕ್ಕಿದ್ದಳು. ಆಗ ಅಕ್ಕ, ತಂಗಿಯ ರಜೆಯ ದಿನ, ಚೆನ್ನಾಗಿ ನಿದ್ದೆ ಮಾಡಿ ಎದ್ದವಳನ್ನು ಬೆಳಿಗ್ಗೆಯೇ ಕರೆದೊಯ್ದು ಪರೀಕ್ಷಿಸಿದಳು. ಒಂದೊಂದೇ ಮಿಡಿತ ಕೊಟ್ಟು ನೋಡಿದರೆ ನರ ಕುದುರೆಯ ಹಾಗೆ ಓಡುತ್ತಿತ್ತು. "ನರ ಎಲ್ಲ ಗಟ್ಟಿಮುಟ್ಟಾಗಿದೆ. ಮನಸ್ಸು ಸೋಮಾರಿ ಅಷ್ಟೇ," ಎಂದು ಮನೆಗೆ ಬಂದು ಸಾರಿದ್ದಳು. ಅವತ್ತಿನಿಂದ ಅಮ್ಮನ ಬಾಯಿಗೆ ಬಲ ಬಂತು. ಏನೆಂದರೂ "ಮಿಷಿನ್ನೇ ಹೇಳಿದೆ" ಎನ್ನುವಳು. ತಂಗಿ ಹೇಳಿಕೊಳ್ಳುವುದನ್ನೇ ಬಿಟ್ಟಳು.

ಮೂಗಿನಿಂದ ನೀರು ಬಂದ ಮಾರನೆಯ ಸಂಜೆ ಅಕ್ಕ ಅವಳನ್ನು ಅಂಗಡಿಯಿಂದ ನೇರವಾಗಿ ಪರೀಕ್ಷೆಯ ಕೋಣೆಗೆ ಕರೆತಂದಳು. ಕೂತು ಸುಧಾರಿಸಿಕೊಳ್ಳಲೂ ಬಿಡಲಿಲ್ಲ. ಭುಜದ ಮೇಲೆ ಎಲೆಕ್ಟ್ರೋಡ್ ಅಂಟಿಸಿದಳು. ತಂಗಿಯ ಬ್ಲೌಸಿನ ಹೊಲಿಗೆಯಲ್ಲಿ ಯಾರದೋ ನರೆಗೂದಲ ಚೂರುಗಳಿದ್ದವು. ಈ ಸಲ ಒಂದು ಮಿಡಿತ ಕೊಟ್ಟು ನಿಲ್ಲಿಸದೆ, ಒಂದರ ಬೆನ್ನಿಗೆ ಒಂದು ಕೊಟ್ಟಳು. ಪರದೆಯಲ್ಲಿ ಮೊದಲ ಗೆರೆ ಎತ್ತರಕ್ಕೆ ಎದ್ದಿತು. ಎರಡನೆಯದು ಕುಳ್ಳಗಾಯಿತು. ಮೂರನೆಯದು ಇನ್ನೂ ಕುಳ್ಳ. ಎಲೆಕ್ಟ್ರೋಡ್ ಸಡಿಲವಾಗಿರಬೇಕು, ದೇವರೇ ಸಡಿಲವಾಗಿರಲಿ, ಎಂದುಕೊಂಡು ಕಿತ್ತು ಮತ್ತೆ ಅಂಟಿಸಿದಳು. ಗೆರೆಗಳು ಹಾಗೆಯೇ ಕುಗ್ಗುತ್ತ ಬಂದವು.

"ಏನಂತೆ ಮಿಷಿನ್ನು?" ತಂಗಿಯ ಧ್ವನಿ ಪೂರಾ ಮೂಗಿಗಿಳಿದಿತ್ತು.

"ನರದ ತುದಿ ಸ್ನಾಯೂನ ಮುಟ್ಟೋದಿಲ್ಲ ಕಣೆ. ಮಧ್ಯೆ ಒಂದು ಸಂದು ಇರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣದು. ನರ ಅಲ್ಲಿಗೆ ಒಂಚೂರು ರಸ ಬಿಡುತ್ತೆ. ಆಚೆ ಇರೋ ಸ್ನಾಯು ಅದನ್ನ ಹಿಡ್ಕೊಂಡ್ರೆ ಕೈ ಏಳುತ್ತೆ. ನಿಂಗೆ ಆ ಹಿಡ್ಕೊಳ್ಳೋ ಜಾಗಗಳೇ ಮುಚ್ಚಿ ಹೋಗ್ತಿವೆ ಅನ್ಸುತ್ತೆ. ಬೆಳಿಗ್ಗೆ ರಸ ಬೇಕಾದಷ್ಟಿರುತ್ತೆ, ಹೇಗೋ ನಡೆಯುತ್ತೆ. ದುಡೀತಾ ದುಡೀತಾ ಸಾಲದೆ ಬರುತ್ತೆ." ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಅವತ್ತು ಬೆಳಿಗ್ಗೆ ನೋಡ್ಬಿಟ್ಟೆ. ಸಂಜೆ ನೋಡ್ಬೇಕಿತ್ತು. ತಪ್ಪಾಯ್ತು."



"ನೀನು ಹೇಳಿದ್ಮೇಲೆ ನಾನೂ ನಂಬಿಬಿಟ್ಟೆ ಅಕ್ಕಾ. ದಿನಾ ಸಂಜೆ ಬಚ್ಚಲಲ್ಲಿ ನಿಂತು ನನ್ನ ಕೆನ್ನೆಗೆ ನಾನೇ ಹೊಡ್ಕೋತಿದ್ದೆ, ಏಳೇ ಸೋಮಾರಿ ಅಂತ." ನಗಲು ನೋಡಿದಳು. ತುಟಿಯ ಕೊನೆಗಳು ಮೇಲೇಳಲಿಲ್ಲ.

ಆಸ್ಪತ್ರೆಯ ನರವೈದ್ಯೆ ಗೆರೆಗಳನ್ನು ನೋಡಿದವಳೇ ಮನೆಗೆ ಕಳಿಸಲು ಒಪ್ಪಲಿಲ್ಲ. ಔಷಧವೇನೋ ಇದೆ, ಆದರೆ ನುಂಗುವುದು ಕಷ್ಟವಾದ ಮೇಲೆ ಉಸಿರಿನ ಸರದಿ ಬಂದರೂ ಬಂತು, ಕಣ್ಣಳತೆಯಲ್ಲೇ ಇರಲಿ ಎಂದಳು. ಅಕ್ಕ ಮನೆಗೆ ಫೋನು ಮಾಡಿದಳು.

"ಏನೂ ಇಲ್ಲ ಅಂತ ಮಿಷಿನ್ನೇ ಹೇಳಿತ್ತಲ್ಲೇ!" ಎಂದಳು ಅಮ್ಮ.

"ಮಿಷಿನ್ನಲ್ಲಮ್ಮ. ಹೇಳಿದ್ದು ನಾನು."

ಅಮ್ಮ ಬಂದಾಗ ಚಪ್ಪಲಿ ಅದಲುಬದಲಾಗಿತ್ತು. ಚೀಲದಲ್ಲಿ ಟವೆಲ್ಲು, ಬಾಚಣಿಗೆ ಕೈಗೆ ಸಿಕ್ಕಂತೆ ತುರುಕಿಕೊಂಡು ಬಂದಿದ್ದಳು. ತಂಗಿ ದಿಂಬಿಗೆ ಒರಗಿ, ಮೊಣಕೈಯನ್ನು ಮಂಚದ ಸರಳಿಗೆ ಊರಿ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು.

"ಕೈ ತೆಗಿ..." ಅಭ್ಯಾಸಬಲದಿಂದ ಮಾತು ಅಮ್ಮನ ಬಾಯಿ ದಾಟಿಯೇ ಬಿಟ್ಟಿತು.

ತಂಗಿ ಎಂದಿನಂತೆ ಹೇಳಿದ ಮಾತು ಕೇಳಿದಳು. ಕೈ ತೆಗೆದಳು. ದವಡೆ ಜೋತು ಬಾಯಿ ತೆರೆದುಕೊಂಡಿತು, ತಲೆ ಮೆಲ್ಲಗೆ ಎದೆಯ ಮೇಲೆ ಬಾಗುತ್ತ ಹೋಯಿತು. ತಡೆದುಕೊಳ್ಳಲು ಅವಳು ಹೆಣಗುತ್ತಿರುವುದು ಹಣೆಯ ನೆರಿಗೆಗಳಲ್ಲಿ ಕಾಣುತ್ತಿತ್ತು.

ಅಮ್ಮನ ಚೀಲ ಜಾರಿ ಕೆಳಗೆ ಬಿತ್ತು. ಅವಳು ಮಂಚದಂಚಿಗೆ ಕೂತು, ಮಗಳ ಗಲ್ಲದ ಕೆಳಗೆ ತನ್ನ ಅಂಗೈ ಇಟ್ಟು ತಲೆಯನ್ನು ಮೇಲಕ್ಕೆತ್ತಿದಳು. ಅಕ್ಕ ಬಾಗಿಲ ಬಳಿಯೇ ನಿಂತು ತಂಗಿಯ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅಮ್ಮನ ತೋಳು ನೋಯತೊಡಗಿತು. ಒಂದು ಕೈ ತೆಗೆಯುವ ಮುಂಚೆ ಇನ್ನೊಂದನ್ನು ಇಟ್ಟಳು.